ಯಾವ ಖಾತೆಗೆ?

ಮಂಡಿ ಮೊಹಲ್ಲಾದ ಈ ಅಂಗಡಿಯಲ್ಲಿ
ಲೆಕ್ಕ ಬರೆಯುವವಳು ನಾನು,
ಕೆಂಪು ಬಟ್ಟೆ ಹೊದಿಸಿದ ರಟ್ಟಿನ ಪುಸ್ತಕದಲ್ಲಿ,
ಕಂಪ್ಯೂಟರು ಬಂದಮೇಲೂ.
ಬೀಟೆ ಇಷ್ಟು ತುಂಡು, ಹಲಸು ಇಷ್ಟು,
ಕೂದಲೆಳೆಯಂಥ ಗರಗಸದ ಅಲಗು ಎರಡು ಡಜನ್,
ಉಪ್ಪುಕಾಗದ, ಅರಗು, ಅಂಟು,
ಟೀ.

ಇಲ್ಲಿ ಯಾವುದೂ ಲೆಕ್ಕದಿಂದ ಜಾರುವುದಿಲ್ಲ.
ಆನೆಯ ಕಿವಿ ಕೊರೆದು ಉಳಿದ ಚೂರು
ನಾಳೆ ಗುಬ್ಬಿಯ ರೆಕ್ಕೆ.
ಅದರಲ್ಲೂ ಉಳಿದದ್ದು ಯಾವುದೋ ಜಿಂಕೆಯ ಕಣ್ಣು.
ಹೊಟ್ಟನ್ನು ಹಿಂದಿನ ಮನೆಯ ಬಿಲ್ಕೀಸಮ್ಮ
ಮೊರದಲ್ಲಿ ಒಯ್ದು ಒಲೆಗೆ ಸುರಿಯುತ್ತಾರೆ,
ಬೂದಿ ಪಾತ್ರೆಗೆ, ಪಾತ್ರೆ ತೊಳೆದ ನೀರು
ನುಗ್ಗೆಯ ಬುಡಕ್ಕೆ. ಎರಡು ಕಾಯಿ ನನ್ನ ಸಾರಿಗೆ.
ಅಲ್ಲಿಗೆ ಗೆರೆ ಎಳೆಯಬಹುದು.

ದಸ್ತಗೀರ್ ಸಾಬರು ನಲವತ್ತೊಂದು ವರ್ಷದಿಂದ
ಮರದೊಳಗೆ ಮರ ಕೂರಿಸುತ್ತಿದ್ದಾರೆ.
ಬಣ್ಣ ಮುಟ್ಟುವುದಿಲ್ಲ. ಹಳದಿ ಬೇಕೆ, ಹಲಸಿದೆ.
"ಮರದ ಹತ್ತಿರ ಇಲ್ಲದ ಬಣ್ಣ
ನಮಗ್ಯಾಕೆ ದಾಕ್ಷಾಯಣಮ್ಮ?" ಅಂತಾರೆ.
ಈ ಸಲದ್ದು ಹೊಳೆ ದಾಟುವ ಆನೆಹಿಂಡು.
ಎರಡೂವರೆ ತಿಂಗಳು.

ಅಣ್ಣನ ಮಗ ಇರ್ಷಾದ್ ಬಂದ,
ಮೂರು ಕಾಲಿನ ಸ್ಟ್ಯಾಂಡು, ಬಳೆಯಂಥ ದೀಪ ಹಿಡಿದು:
"ಚಾಚಾ, ಮಾಡಿದರೆ ಸಾಲದು, ಕಾಣಿಸಬೇಕು."
ಸುಳ್ಳಲ್ಲ. ದಸರಾ ಕಳೆದು ಐದು ತಿಂಗಳು
ಒಂದು ಟ್ರೇ ಕೂಡ ಹೊಸ್ತಿಲು ದಾಟಿರಲಿಲ್ಲ.
ಆ ಸೊನ್ನೆಗಳನ್ನು ಬರೆದ ಕೈ ಇದೇ.

ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿದರು.
ಮುಗಿದ ಕೆಲಸವನ್ನು ಮತ್ತೆ ಮಾಡುವಂತೆ
ಸಾಬರು ಖಾಲಿ ಗರಗಸ ಆಡಿಸಿದರು.
ಬೆವರು ಕಾಣಿಸಿತು, ಮತ್ತೆ.
ಬೀದಿಯಲ್ಲಿ ಆಟೋ ಕೂಗಿತು, ಮತ್ತೆ.
ಹದಿನೇಳು ಸಲ. ಹದಿನೇಳನೆಯದರಲ್ಲಿ ನಕ್ಕರು,
ಅಥವಾ ಸುಸ್ತಿಗೆ ಬಾಯಿ ಹಾಗೆ ತೆರೆಯಿತು.

ಆ ರಾತ್ರಿ ಎರಡಕ್ಕೆ ನಲ್ಲಿ ಬಂತು,
ಹೊಂಗಳ್ಳಿಯಿಂದ ಪಂಪಾಗಿ ಬರುವ ಕಾವೇರಿ.
ಡ್ರಮ್ಮು ತುಂಬುತ್ತ ಕೂತೆ, ಮಡಿಲಲ್ಲಿ ಅಂಗಡಿಯ ಫೋನು,
ನೂರಕ್ಕೆ ಮೂವತ್ತೆಂಟು ಏರಿತ್ತು ವಿಡಿಯೋ,
ರೊಟ್ಟಿಹಂಚಿನ ಹಾಗೆ ಬಿಸಿ.
"ಎಲ್ಲಿಗೆ ಹೋಗುತ್ತೋ ಇದು?" ಅಂದೆ.
ಕ್ಲೌಡಿಗೆ, ಅಂದ ಇರ್ಷಾದ್.
ಮೋಡವಾದರೆ ಒಂದು ದಿನ ಇಳಿಯಬೇಕಲ್ಲ!
ನಕ್ಕ. ಮೋಡವಲ್ಲವಂತೆ, ಕಿಟಕಿಯಿಲ್ಲದ ಕಟ್ಟಡ,
ಒಳಗೆ ಸಾಲುಸಾಲು ಯಂತ್ರ, ಹಗಲಿರುಳು ಕಾಯುತ್ತವೆ,
ತಣಿಸಲಿಕ್ಕೆ ನೀರು ಕುಡಿಸುತ್ತಾರೆ.
ಯಾವ ಊರಿನ ನೀರು?
ಅವನಿಗೆ ಗೊತ್ತಿರಲಿಲ್ಲ.
ನನ್ನ ಡ್ರಮ್ಮು ಅರ್ಧಕ್ಕೆ ನಿಂತಿತು, ನಲ್ಲಿ ಉಸಿರೆಳೆಯಿತು.

ಜೈಪುರದಿಂದ ಆರ್ಡರು ಬಂತು, ಸುಳ್ಳು ಹೇಳಬಾರದು,
ಆ ದಿನ ಅಂಗಡಿಗೆ ಮೈಸೂರುಪಾಕು ಬಂತು.
ಆನೆಗಳಿಗೆ ಮೂರು ಸುತ್ತು ಗುಳ್ಳೆ ಪ್ಲಾಸ್ಟಿಕ್ಕು, ಮೇಲೆ ಥರ್ಮಾಕೋಲು.
ಹನ್ನೆರಡು ದಿನಕ್ಕೆ ಪೆಟ್ಟಿಗೆ ವಾಪಸ್ಸು:
ವಿಡಿಯೋದಲ್ಲಿ ಮರ ಇನ್ನೂ ಕೆಂಪಗಿತ್ತಂತೆ.
ಕೆಂಪು ಇರ್ಷಾದನ ಬೆರಳಿನದು,
ಒಂದು ಗೀಟನ್ನು ಸ್ವಲ್ಪ ಬಲಕ್ಕೆ ಎಳೆದಿದ್ದ.
ನಮ್ಮಲ್ಲಿ ಯಾರೂ ವಿಮಾನ ಹತ್ತಿದವರಲ್ಲ,
ಹೊಳೆ ದಾಟದ ಆನೆಗಳು ಎರಡು ಸಲ ಹತ್ತಿದವು.

ಸಾಬರು ಬೈಯಲಿಲ್ಲ. ಬಿಚ್ಚಿದ ಗುಳ್ಳೆಗಳನ್ನು
ಒಂದೊಂದೇ ಒತ್ತಿ ಒಡೆಯುತ್ತ ಕೂತರು, ಮಗುವಿನ ಹಾಗೆ,
ಆಮೇಲೆ ಮಡಚಿ, ಎಲ್ಲಿಡುವುದೆಂದು ನನ್ನ ಮುಖ ನೋಡಿದರು.
ಬಿಲ್ಕೀಸಮ್ಮನ ಒಲೆಗೂ ಅದು ಬೇಡ.

ಇವತ್ತು ಪುಸ್ತಕ ತೆರೆದಿದ್ದೇನೆ.
ಕೊರಿಯರು, ಬರೆದೆ. ಕರೆಂಟು, ಬರೆದೆ.
ಉಳಿದ ಆ ಹದಿನಾರು ಸಲದ್ದು?
ಫೋನಿನಲ್ಲಿ ಹುಡುಕಿ ಒಂದೊಂದೇ ಅಳಿಸಿದೆ.
ಮೂವತ್ತು ದಿನ ಇಟ್ಟುಕೊಳ್ಳುತ್ತೇನೆ ಅಂದಿತು ಫೋನು,
ಮನಸ್ಸು ಬದಲಾದರೆ ಇರಲಿ ಅಂತ.
ಇರ್ಷಾದ್ ದೀಪ ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದಾನೆ,
ಫಿಲ್ಟರಿಲ್ಲದೆ ಇನ್ನೊಂದು ತೆಗೆಯೋಣ ಚಾಚಾ, ಒಂದೇ.
ಸಾಬರು ಫ್ಯಾನಿನ ಸ್ವಿಚ್ಚಿನ ಮೇಲೆ ಕೈಯಿಟ್ಟು
ನನ್ನ ಕಡೆ ನೋಡುತ್ತಾರೆ.

ಪೆನ್ನಿನ ಟೋಪಿ ತೆಗೆದಿದೆ.
ಒಂದು ಸಾಲು ಖಾಲಿ ಬಿಟ್ಟಿದ್ದೇನೆ.